ಇಂಗ್ಲಿಷಿನ ರೀತಿವಾಚಕ ಕ್ರಿಯಾವಿಶೇಷಣಗಳು

ಕೆಲಸ ಹೇಗೆ ನಡೆಯಿತು ಎಂದು ತಿಳಿಸುವ ಇಂಗ್ಲಿಷ್ ಪದಗಳಿಗೆ ಆ ಭಾಷೆಯ ವ್ಯಾಕರಣದಲ್ಲಿ ‘ಅಡ್ವರ್ಬ್ ಆಫ್ ಮ್ಯಾನರ್’ ಎಂಬ ಹೆಸರಿದೆ. ಕನ್ನಡದಲ್ಲಿ ಇವನ್ನು ರೀತಿವಾಚಕ ಕ್ರಿಯಾವಿಶೇಷಣ ಎನ್ನಬಹುದು. ‘ಸ್ಲೋಲಿ’, ‘ಕೇರ್‌ಫುಲಿ’, ‘ಲೌಡ್ಲಿ’, ‘ವೆಲ್’, ‘ಫಾಸ್ಟ್’, ‘ಹಾರ್ಡ್’ ಈ ಗುಂಪಿನ ನಿತ್ಯಬಳಕೆಯ ಪದಗಳು. ಒಂದು ಪದ ಈ ಗುಂಪಿನದೇ ಎಂದು ನೋಡಲು ಸುಲಭದ ಪರೀಕ್ಷೆಯೊಂದಿದೆ. ‘ಹೌ’ ಎಂದು ಕೇಳಿದರೆ ಆ ಪದವೊಂದೇ ಉತ್ತರವಾಗಿ ನಿಲ್ಲಬೇಕು. ‘ಹೌ ಡಿಡ್ ಶಿ ಸಿಂಗ್?’ ಎಂಬ ಪ್ರಶ್ನೆಗೆ ‘ಬ್ಯೂಟಿಫುಲಿ’ ಎಂದರೆ ಉತ್ತರವಾಯಿತು. ‘ಯೆಸ್ಟರ್ಡೇ’ ಎಂದರೆ ಆಗಲಿಲ್ಲ, ‘ಪ್ರಾಬಬ್ಲಿ’ ಎಂದರೂ ಆಗಲಿಲ್ಲ.

‘ಪ್ರಾಬಬ್ಲಿ’ಯ ಕೊನೆಯಲ್ಲೂ ‘-ಲಿ’ ಇದೆ, ಆದರೂ ಅದು ರೀತಿಯನ್ನು ಹೇಳುವುದಿಲ್ಲ. ‘ಫಾಸ್ಟ್’ ಪದಕ್ಕೆ ಆ ಬಾಲವೇ ಇಲ್ಲ, ಆದರೂ ಅದು ರೀತಿಯನ್ನು ಹೇಳುತ್ತದೆ. ಗುಣವಾಚಕಕ್ಕೆ ‘-ಲಿ’ ಹಚ್ಚಿದರೆ ಕ್ರಿಯಾವಿಶೇಷಣ ಸಿದ್ಧ ಎಂಬ ಶಾಲೆಯ ಸೂತ್ರ ಅರ್ಧ ದಾರಿಯವರೆಗೆ ಮಾತ್ರ ಕರೆದೊಯ್ಯುತ್ತದೆ. ಇಂಗ್ಲಿಷ್ ಕಲಿಯುವ ಕನ್ನಡಿಗರಿಗೆ ಈ ಪದಗಳ ರೂಪ ಅಷ್ಟೇನೂ ತೊಡಕಲ್ಲ. ಅವನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕು, ಎಲ್ಲಿ ಇಡಲೇಬಾರದು ಎಂಬುದು ತೊಡಕು.

ಬಾಲದ ಚರಿತ್ರೆ

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ‘ಎ’ಕಾರವೊಂದನ್ನು ಸೇರಿಸಿದರೆ ಕ್ರಿಯಾವಿಶೇಷಣ ಆಗುತ್ತಿತ್ತು. ಜೊತೆಗೆ ‘ಲೀಚ್’ ಎಂಬ ಇನ್ನೊಂದು ಪ್ರತ್ಯಯವೂ ಬಳಕೆಯಲ್ಲಿತ್ತು. ಅದು ಮೂಲದಲ್ಲಿ ಒಡಲು ಎಂಬ ಅರ್ಥದ ಸ್ವತಂತ್ರ ಪದ. ಇಂಗ್ಲೆಂಡಿನ ಹಳೆಯ ಚರ್ಚುಗಳ ಪ್ರವೇಶದ್ವಾರಕ್ಕೆ ಇಂದಿಗೂ ಇರುವ ‘ಲಿಚ್‌ಗೇಟ್’ ಎಂಬ ಹೆಸರಿನಲ್ಲಿ ಆ ಪದ ಉಳಿದಿದೆ. ಶವಪೆಟ್ಟಿಗೆಯನ್ನು ಒಳಗೆ ಒಯ್ಯುವ ಮುನ್ನ ಅಲ್ಲಿ ಇಳಿಸುತ್ತಿದ್ದರು. ಒಡಲು ಎಂಬ ಪದ ‘ಅಂಥ ರೂಪವುಳ್ಳ’ ಎಂಬ ಅರ್ಥಕ್ಕೆ ಜಾರಿ, ಗುಣವಾಚಕಗಳ ಹಿಂದೆ ಅಂಟಿಕೊಂಡು, ಮುಂದೆ ಎಕಾರವನ್ನೂ ಪಡೆದು ‘-ಲೀಚೆ’ ಆಯಿತು. ಕಾಲಕ್ರಮದಲ್ಲಿ ಸವೆದು ‘-ಲಿ’ ಆಗಿ ನಿಂತಿತು. ಲ್ಯಾಟಿನ್ನಿನಲ್ಲಿ ಮನಸ್ಸು ಎಂಬ ಅರ್ಥದ ‘ಮೆನ್ಸ್’ ಪದವೂ ಇದೇ ಹಾದಿ ಹಿಡಿದು ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳ ಕ್ರಿಯಾವಿಶೇಷಣ ಪ್ರತ್ಯಯವಾಗಿದೆ.

ಮಧ್ಯಕಾಲೀನ ಇಂಗ್ಲಿಷಿನಲ್ಲಿ ಪದಾಂತ್ಯದ ಎಕಾರಗಳು ಉದುರಿಹೋದವು. ಆಗ ಬರೀ ಎಕಾರದಿಂದ ಆಗಿದ್ದ ಕ್ರಿಯಾವಿಶೇಷಣಗಳಿಗೂ ಅವುಗಳ ಗುಣವಾಚಕಗಳಿಗೂ ಭೇದವೇ ಇಲ್ಲವಾಯಿತು. ‘ಫಾಸ್ಟ್’, ‘ಹಾರ್ಡ್’, ‘ಲೌಡ್’, ‘ಡೀಪ್’, ‘ಸ್ಲೋ’ ಎರಡೂ ಕೆಲಸಕ್ಕೆ ಸಲ್ಲುವುದು ಹೀಗಾಗಿ. ಇಂಥವನ್ನು ಇಂಗ್ಲಿಷ್ ವೈಯಾಕರಣರು ‘ಫ್ಲ್ಯಾಟ್ ಅಡ್ವರ್ಬ್’, ಅಂದರೆ ಬೋಳು ಕ್ರಿಯಾವಿಶೇಷಣ, ಎನ್ನುತ್ತಾರೆ. ಇವು ಅಸಡ್ಡೆಯ ಆಡುಮಾತಿನಲ್ಲಿ ಹುಟ್ಟಿದವಲ್ಲ, ಭಾಷೆಯ ಹಳೆಯ ಆಸ್ತಿ. ಅಸಡ್ಡೆಯ ಪಟ್ಟ ಕಟ್ಟಿದ್ದು 18ನೇ ಶತಮಾನ. 1762ರಲ್ಲಿ ಪಾದ್ರಿ ರಾಬರ್ಟ್ ಲೌತ್ ಬರೆದ ಪುಟ್ಟ ವ್ಯಾಕರಣ, ಗುಣವಾಚಕವನ್ನು ಹಾಗೆಯೇ ಕ್ರಿಯಾವಿಶೇಷಣವಾಗಿ ಬಳಸುವುದು ಭಾಷೆಯ ಸ್ವಭಾವಕ್ಕೆ ಒಗ್ಗದ್ದು ಎಂದು ತೀರ್ಪು ಕೊಟ್ಟಿತು. 1795ರಲ್ಲಿ ಬಂದ ಲಿಂಡ್ಲಿ ಮರೆಯ ವ್ಯಾಕರಣ ಲೌತ್‌ನನ್ನೇ ಬಹುಮಟ್ಟಿಗೆ ಅನುಸರಿಸಿತು. ಅದು ಲಕ್ಷಗಟ್ಟಲೆ ಪ್ರತಿಗಳಲ್ಲಿ ಶಾಲೆಗಳನ್ನು ಸೇರಿತು. ಅಂದಿನಿಂದ ‘ಡ್ರೈವ್ ಸ್ಲೋ’ ಎಂಬ ರಸ್ತೆ ಫಲಕ ಕಂಡರೆ ಕೆಂಪು ಶಾಯಿಗೆ ಕೈ ಹಾಕುವ ಮೇಷ್ಟರುಗಳ ಪರಂಪರೆಯೊಂದು ನಡೆದುಬಂದಿದೆ. ಫಲಕ ಬರೆದವರೇ ಸರಿ. ‘ಸ್ಲೋ’ ಶತಮಾನಗಳಿಂದ ಕ್ರಿಯಾವಿಶೇಷಣವಾಗಿಯೂ ನಡೆದಿದೆ. ಆದರೂ ಅರ್ಜಿ, ವರದಿ, ಪರೀಕ್ಷೆಯ ಉತ್ತರಗಳಲ್ಲಿ ‘ಸ್ಲೋಲಿ’ ಎಂದು ಬರೆಯುವುದೇ ಕ್ಷೇಮ.

ಎರಡು ರೂಪಗಳೂ ಉಳಿದ ಕಡೆ ಹಲವು ಸಲ ಅರ್ಥ ಕವಲೊಡೆದಿದೆ. ‘ಹಾರ್ಡ್’ ಎಂದರೆ ಕಷ್ಟಪಟ್ಟು, ‘ಹಾರ್ಡ್ಲಿ’ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಿಂದೆ ‘ಹಾರ್ಡ್ಲಿ’ಗೂ ಬಲವಾಗಿ ಎಂಬ ಅರ್ಥವಿತ್ತು, ಅದು ಸವೆದುಹೋಯಿತು. ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಹೊಗಳಿಕೆ; ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಅವನು ಕೆಲಸವನ್ನೇ ಮಾಡುವುದಿಲ್ಲ ಎಂಬ ದೂರು. ಶಿಫಾರಸು ಪತ್ರ ಬರೆಯುವವರು ಈ ಒಂದು ಜೋಡಿಯನ್ನಾದರೂ ಮರೆಯಬಾರದು. ‘ಲೇಟ್’ ತಡವಾಗಿ, ‘ಲೇಟ್ಲಿ’ ಈಚೆಗೆ. ‘ನಿಯರ್’ ಹತ್ತಿರ, ‘ನಿಯರ್ಲಿ’ ಹೆಚ್ಚುಕಡಿಮೆ. ‘ಹೈ’ ಎತ್ತರದಲ್ಲಿ, ‘ಹೈಲಿ’ ಬಹಳವಾಗಿ. ‘ಫ್ರೀ’ ಎಂದರೆ ದುಡ್ಡಿಲ್ಲದೆ, ‘ಫ್ರೀಲಿ’ ಎಂದರೆ ತಡೆಯಿಲ್ಲದೆ.

ಕಾಗುಣಿತದ ವಿಚಾರ ಚಿಕ್ಕದು. ‘ಹ್ಯಾಪಿ’ಯ ಕೊನೆಯ ವೈ ಅಕ್ಷರ ಐ ಆಗಿ ‘ಹ್ಯಾಪಿಲಿ’ ಆಗುತ್ತದೆ. ‘ಜೆಂಟಲ್’ ತನ್ನ ಕೊನೆಯ ಇ ಕಳೆದುಕೊಂಡು ‘ಜೆಂಟ್ಲಿ’ ಆಗುತ್ತದೆ. ‘ಟ್ರೂ’ ಸಹ ಹಾಗೆಯೇ ಇ ಬಿಟ್ಟು ‘ಟ್ರೂಲಿ’. ‘ಬೇಸಿಕ್’ನಂತೆ ‘-ಇಕ್’ ಎಂದು ಮುಗಿಯುವ ಪದಗಳನ್ನು ಬರೆಯುವಾಗ ನಡುವೆ ಎ, ಎಲ್ ಅಕ್ಷರಗಳು ಬರುತ್ತವೆ; ‘ಪಬ್ಲಿಕ್ಲಿ’ ಈ ನಿಯಮಕ್ಕೆ ಹೊರತು. ‘ಗುಡ್’ ಪದದಿಂದ ‘ಗುಡ್ಲಿ’ ಎಂಬ ಕ್ರಿಯಾವಿಶೇಷಣ ಹುಟ್ಟುವುದಿಲ್ಲ, ಆ ಜಾಗದಲ್ಲಿ ‘ವೆಲ್’ ಇದೆ. ‘ಫ್ರೆಂಡ್ಲಿ’, ‘ಲವ್ಲಿ’, ‘ಲೋನ್ಲಿ’, ‘ಸಿಲಿ’, ‘ಕವರ್ಡ್ಲಿ’ ಕಿವಿಗೆ ಕ್ರಿಯಾವಿಶೇಷಣದಂತೆ ಕೇಳಿಸಿದರೂ ಗುಣವಾಚಕಗಳು. ಇವುಗಳ ಮೇಲೆ ಮತ್ತೊಂದು ‘-ಲಿ’ ಹೇರಿದರೆ ನಾಲಿಗೆ ತೊಡರುತ್ತದೆ. ಆದ್ದರಿಂದ ‘ಇನ್ ಎ ಫ್ರೆಂಡ್ಲಿ ವೇ’ ಎಂದು ಪದಪುಂಜದ ಆಸರೆ ಪಡೆಯುತ್ತಾರೆ. ತುಲನೆ ಮಾಡುವಾಗ ಬೋಳು ರೂಪಗಳು ‘ಫಾಸ್ಟರ್’, ‘ಹಾರ್ಡರ್’ ಎಂದು ಬೆಳೆಯುತ್ತವೆ, ಬಾಲವಿರುವವು ‘ಮೋರ್ ಕೇರ್‌ಫುಲಿ’ ಎಂದು ‘ಮೋರ್’ ಜೊತೆಗೆ ಬರುತ್ತವೆ. ‘ವೆಲ್’ ಮತ್ತು ‘ಬ್ಯಾಡ್ಲಿ’ ಮಾತ್ರ ‘ಬೆಟರ್’, ‘ವರ್ಸ್’ ಆಗುತ್ತವೆ.

ವಾಕ್ಯದಲ್ಲಿ ಸ್ಥಾನ

ಕನ್ನಡದಲ್ಲಿ ‘ಅವಳು ಪತ್ರವನ್ನು ಎಚ್ಚರಿಕೆಯಿಂದ ಓದಿದಳು’ ಎನ್ನುತ್ತೇವೆ. ರೀತಿ ಹೇಳುವ ಪದ ಕ್ರಿಯಾಪದಕ್ಕೆ ಒತ್ತಿಕೊಂಡು ಕೂತಿದೆ. ಇದೇ ಅಭ್ಯಾಸದಲ್ಲಿ ಇಂಗ್ಲಿಷಿಗೆ ಹೋದವರು ‘ಶಿ ರೆಡ್ ಕೇರ್‌ಫುಲಿ ದ ಲೆಟರ್’ ಎಂದು ಬರೆಯುತ್ತಾರೆ, ಏಕೆಂದರೆ ಇಲ್ಲಿಯೂ ಪದ ಕ್ರಿಯಾಪದದ ಪಕ್ಕದಲ್ಲೇ ಇದೆ. ಇಂಗ್ಲಿಷಿಗೆ ಇದು ಒಗ್ಗುವುದಿಲ್ಲ. ಆ ಭಾಷೆಯಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಪದಕ್ಕೂ ನಡುವೆ ಕ್ರಿಯಾವಿಶೇಷಣ ನುಗ್ಗುವಂತಿಲ್ಲ. ‘ಶಿ ರೆಡ್ ದ ಲೆಟರ್ ಕೇರ್‌ಫುಲಿ’ ಎಂಬುದು ಸಹಜ ಕ್ರಮ. ‘ಶಿ ಕೇರ್‌ಫುಲಿ ರೆಡ್ ದ ಲೆಟರ್’ ಎಂದೂ ಹೇಳಬಹುದು. ‘ಕೇರ್‌ಫುಲಿ, ಶಿ ರೆಡ್ ದ ಲೆಟರ್’ ಎಂದು ಮುಂದಕ್ಕೆ ತರುವುದು ಕಥೆ ಹೇಳುವವರ ಅಭ್ಯಾಸ, ಮಾತಿನಲ್ಲಿ ಅಪರೂಪ.

ಹೀಗೇಕೆ ಎಂಬುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ವಿಭಕ್ತಿ. ಕನ್ನಡದ ‘ಪತ್ರವನ್ನು’ ತನ್ನ ದ್ವಿತೀಯಾ ವಿಭಕ್ತಿಯನ್ನು ಮೈಮೇಲೇ ಹೊತ್ತಿರುವುದರಿಂದ ಎಲ್ಲಿ ಕೂತರೂ ಕರ್ಮವೆಂದು ಗುರುತು ಸಿಗುತ್ತದೆ. ಇಂಗ್ಲಿಷಿನ ನಾಮಪದಗಳು ಆ ಗುರುತನ್ನು ಕಳೆದುಕೊಂಡಿವೆ, ಕ್ರಿಯಾಪದದ ಬೆನ್ನಿಗೇ ಇದ್ದರೆ ಮಾತ್ರ ಅವು ಕರ್ಮ. ವಾದ ಸೊಗಸಾಗಿದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಫ್ರೆಂಚ್ ನಾಮಪದಗಳಿಗೂ ವಿಭಕ್ತಿ ಪ್ರತ್ಯಯಗಳಿಲ್ಲ, ಆದರೂ ಅಲ್ಲಿ ಕ್ರಿಯಾಪದ ಮತ್ತು ಕರ್ಮದ ನಡುವೆ ಕ್ರಿಯಾವಿಶೇಷಣ ನಿಶ್ಚಿಂತೆಯಿಂದ ಕೂರುತ್ತದೆ. ಭಾಷಾವಿಜ್ಞಾನಿ ಝಾಂ-ಇವ್ ಪೊಲಾಕ್ 1989ರ ಪ್ರಬಂಧದಲ್ಲಿ ಈ ಭೇದಕ್ಕೆ ಬೇರೆಯೇ ವಿವರಣೆ ಕೊಟ್ಟರು. ಅವರ ಪ್ರಕಾರ ಎರಡೂ ಭಾಷೆಗಳಲ್ಲಿ ಕ್ರಿಯಾವಿಶೇಷಣದ ಜಾಗ ಒಂದೇ. ಫ್ರೆಂಚಿನಲ್ಲಿ ಕ್ರಿಯಾಪದ ಅದನ್ನು ದಾಟಿ ಮುಂದಕ್ಕೆ ಸರಿಯುತ್ತದೆ, ಇಂಗ್ಲಿಷಿನಲ್ಲಿ ಸರಿಯದೆ ತನ್ನ ಜಾಗದಲ್ಲೇ ಉಳಿಯುತ್ತದೆ. ಆಮೇಲೆ ಬಂದ ವಾಕ್ಯರಚನಾ ಸಂಶೋಧನೆಯಲ್ಲಿ ಈ ಪ್ರಬಂಧದ ನೆರಳು ದೊಡ್ಡದು.

ನಿಯಮಕ್ಕೆ ಒಂದು ಸಡಿಲವಿದೆ. ಕರ್ಮಪದ ಬಹಳ ಉದ್ದವಾದರೆ ಅದನ್ನು ಕೊನೆಗೆ ತಳ್ಳಿ ಕ್ರಿಯಾವಿಶೇಷಣವನ್ನು ಮೊದಲೇ ಹೇಳಿಬಿಡಬಹುದು: ‘ಶಿ ರೆಡ್ ಕೇರ್‌ಫುಲಿ ಎವ್ರಿ ಲೆಟರ್ ದಟ್ ಹರ್ ಬ್ರದರ್ ಹ್ಯಾಡ್ ಸೆಂಟ್ ಫ್ರಮ್ ಧಾರವಾಡ’. ಇಲ್ಲಿ ‘ಕೇರ್‌ಫುಲಿ’ಯನ್ನು ಕೊನೆಗೆ ಇಟ್ಟರೆ ಅಣ್ಣ ಜೋಪಾನವಾಗಿ ಕಳಿಸಿದ ಎಂದೂ ಅರ್ಥವಾದೀತು. ದೂರ ಹೋದಷ್ಟೂ ಕ್ರಿಯಾವಿಶೇಷಣ ಹತ್ತಿರದ ಬೇರೊಂದು ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ.

ಎಲ್ಲ ಪದಗಳಿಗೂ ಮೂರೂ ಜಾಗಗಳು ದಕ್ಕುವುದಿಲ್ಲ. ‘ವೆಲ್’, ‘ಬ್ಯಾಡ್ಲಿ’, ‘ಫಾಸ್ಟ್’, ‘ಹಾರ್ಡ್’ ಕರ್ತರಿ ವಾಕ್ಯದಲ್ಲಿ ಕೊನೆಯಲ್ಲಿಯೇ ಬರಬೇಕು. ‘ಶಿ ಸಿಂಗ್ಸ್ ವೆಲ್’ ಸರಿ, ‘ಶಿ ವೆಲ್ ಸಿಂಗ್ಸ್’ ತಪ್ಪು. ಕರ್ಮಣಿಗೆ ಬಂದರೆ ಲೆಕ್ಕ ಬದಲು: ‘ದ ರೋಡ್ ವಾಸ್ ಬ್ಯಾಡ್ಲಿ ಬಿಲ್ಟ್’, ‘ದ ಬುಕ್ ಈಸ್ ವೆಲ್ ರಿಟನ್’ ಎಂದು ಕೃದಂತದ ಮುಂದೆ ಕೂರುವುದೇ ಅಲ್ಲಿ ಸಹಜ. ಒಂದೇ ವಾಕ್ಯದಲ್ಲಿ ರೀತಿ, ಸ್ಥಳ, ಕಾಲ ಮೂರೂ ಬಂದರೆ ಅದೇ ಅನುಕ್ರಮ: ‘ಶಿ ಸ್ಯಾಂಗ್ ಬ್ಯೂಟಿಫುಲಿ ಇನ್ ಮೈಸೂರು ಲಾಸ್ಟ್ ನೈಟ್’. ಕನ್ನಡದ್ದು ಸಾಮಾನ್ಯವಾಗಿ ಇದರ ತಲೆಕೆಳಗು: ನಿನ್ನೆ ರಾತ್ರಿ, ಮೈಸೂರಿನಲ್ಲಿ, ಸೊಗಸಾಗಿ. ಹೋಗು, ಬಾ ಎಂಬ ಚಲನೆಯ ಕ್ರಿಯಾಪದಗಳಲ್ಲಿ ಮಾತ್ರ ಇಂಗ್ಲಿಷ್ ಸ್ಥಳವನ್ನು ಮುಂದೆ ತರುತ್ತದೆ: ‘ಹಿ ವೆಂಟ್ ಹೋಮ್ ಕ್ವಾಯಟ್ಲಿ’.

ಕ್ರಿಯಾವಿಶೇಷಣ ವಾಕ್ಯದಲ್ಲಿ ಐಚ್ಛಿಕ, ಕಿತ್ತುಹಾಕಿದರೂ ವಾಕ್ಯ ನಿಲ್ಲುತ್ತದೆ ಎಂದು ಪುಸ್ತಕಗಳು ಹೇಳುವುದುಂಟು. ಬಹುತೇಕ ನಿಜ, ಆದರೆ ಎಲ್ಲ ಕಡೆ ಅಲ್ಲ. ‘ಹಿ ವರ್ಡೆಡ್ ದ ಲೆಟರ್ ಕೇರ್‌ಫುಲಿ’ ಎಂಬುದರಿಂದ ಕೊನೆಯ ಪದ ತೆಗೆದರೆ ವಾಕ್ಯ ಕುಂಟುತ್ತದೆ. ‘ದೇ ಟ್ರೀಟೆಡ್ ಅಸ್ ಬ್ಯಾಡ್ಲಿ’ ಎಂಬುದರಿಂದ ‘ಬ್ಯಾಡ್ಲಿ’ ತೆಗೆದರೆ ವೈದ್ಯರು ಚಿಕಿತ್ಸೆ ಕೊಟ್ಟರು ಎಂದೋ, ಯಾರೋ ಊಟ ಕೊಡಿಸಿದರು ಎಂದೋ ಬೇರೆಯೇ ಅರ್ಥ ಬರುತ್ತದೆ. ಇನ್ನೊಂದು ಸ್ವಾರಸ್ಯದ ರಚನೆಯೂ ಇದೆ: ‘ದಿಸ್ ಕ್ಲಾತ್ ವಾಶಸ್ ವೆಲ್’, ‘ದ ನಾವೆಲ್ ರೀಡ್ಸ್ ಈಸಿಲಿ’. ಬಟ್ಟೆ ತಾನೇ ಒಗೆದುಕೊಳ್ಳುವುದಿಲ್ಲ, ಕಾದಂಬರಿ ತಾನೇ ಓದುವುದಿಲ್ಲ. ಕರ್ಮವಾಗಬೇಕಾದದ್ದು ಕರ್ತೃವಿನ ಜಾಗದಲ್ಲಿ ಕೂತಿದೆ, ಆ ಏರ್ಪಾಟನ್ನು ಎತ್ತಿ ಹಿಡಿದಿರುವುದು ಕೊನೆಯ ಪುಟ್ಟ ಕ್ರಿಯಾವಿಶೇಷಣ. ಅದಿಲ್ಲದೆ ‘ದಿಸ್ ಕ್ಲಾತ್ ವಾಶಸ್’ ಎಂದರೆ ಕೇಳಿದವರು ಮುಂದಿನ ಪದಕ್ಕೆ ಕಾಯುತ್ತಾರೆ.

ಜಾಗ ಬದಲಾದರೆ ಅರ್ಥ ಬದಲು

‘ಹಿ ಆನ್ಸರ್ಡ್ ದ ಕ್ವೆಶ್ಚನ್ ಫೂಲಿಶ್ಲಿ’ ಎಂದರೆ ಉತ್ತರ ಪೆದ್ದುಪೆದ್ದಾಗಿತ್ತು. ‘ಹಿ ಫೂಲಿಶ್ಲಿ ಆನ್ಸರ್ಡ್ ದ ಕ್ವೆಶ್ಚನ್’ ಎಂದರೆ ಉತ್ತರ ಜಾಣತನದ್ದೇ ಇರಬಹುದು, ಬಾಯಿ ಬಿಟ್ಟದ್ದೇ ಪೆದ್ದುತನ. ಪೊಲೀಸರ ಮುಂದೆ ಕೂತವನ ವಿಚಾರದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಹೊಳೆಯುತ್ತದೆ. ಮೊದಲನೆಯದು ಕೆಲಸದ ರೀತಿಯನ್ನು, ಎರಡನೆಯದು ಮಾಡಿದವನ ವಿವೇಕವನ್ನು ತೂಗುತ್ತದೆ. ಭಾಷಾವಿಜ್ಞಾನಿ ರೇ ಜಾಕೆಂಡಾಫ್ 1972ರ ಪುಸ್ತಕದಲ್ಲಿ ಇಂಥ ಪದಗಳನ್ನು ಕರ್ತೃವನ್ನು ಕುರಿತ ಕ್ರಿಯಾವಿಶೇಷಣಗಳೆಂದು ಬೇರೆ ಮಾಡಿ ತೋರಿಸಿದರು. ‘ಕ್ಲೆವರ್ಲಿ’, ‘ರೂಡ್ಲಿ’, ‘ಕೈಂಡ್ಲಿ’, ‘ವೈಸ್ಲಿ’ ಎಲ್ಲವೂ ಹೀಗೆ ಎರಡು ಮನೆಯ ಪದಗಳು.

ನಿಷೇಧ ಬಂದಾಗ ಇದು ಇನ್ನೂ ಎದ್ದು ಕಾಣುತ್ತದೆ. ‘ಹಿ ಡಿಡಂಟ್ ಆನ್ಸರ್ ರೂಡ್ಲಿ’ ಎಂದರೆ ಉತ್ತರ ಕೊಟ್ಟ, ಒರಟಾಗಿ ಅಲ್ಲ. ‘ಹಿ ರೂಡ್ಲಿ ಡಿಡಂಟ್ ಆನ್ಸರ್’ ಎಂದರೆ ಉತ್ತರವನ್ನೇ ಕೊಡಲಿಲ್ಲ, ಅದೇ ಒರಟುತನ. ಶುದ್ಧ ರೀತಿವಾಚಕ ‘ನಾಟ್’ನ ಅಧೀನ, ನಿಷೇಧವೆಲ್ಲ ಅದರ ಮೇಲೆಯೇ ಬೀಳುತ್ತದೆ, ಕ್ರಿಯೆ ನಡೆದದ್ದು ಉಳಿಯುತ್ತದೆ.

ಇದು ಬರೀ ವ್ಯಾಕರಣದ ಸೂಕ್ಷ್ಮವಲ್ಲ ಎನ್ನುವುದಕ್ಕೆ ಕಾನೂನು ಸಾಕ್ಷಿ. 1860ರ ಭಾರತೀಯ ದಂಡ ಸಂಹಿತೆ ಕೆಲವು ಇಂಗ್ಲಿಷ್ ಕ್ರಿಯಾವಿಶೇಷಣಗಳಿಗೆ ಪ್ರತ್ಯೇಕ ಸೆಕ್ಷನ್‌ಗಳನ್ನೇ ಮೀಸಲಿಟ್ಟಿತ್ತು: 24ರಲ್ಲಿ ‘ಡಿಸಾನೆಸ್ಟ್ಲಿ’, 25ರಲ್ಲಿ ‘ಫ್ರಾಡ್ಯುಲೆಂಟ್ಲಿ’, 39ರಲ್ಲಿ ‘ವಾಲಂಟರಿಲಿ’. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವು ಎರಡನೇ ಸೆಕ್ಷನ್ನಿನ ವ್ಯಾಖ್ಯೆಗಳ ಸಾಲಿನಲ್ಲಿ ಇವೆ. ಗಮನಿಸಬೇಕಾದದ್ದು ವ್ಯಾಖ್ಯೆಯ ಬಗೆ. ಇನ್ನೊಬ್ಬರಿಗೆ ಅಕ್ರಮ ನಷ್ಟವನ್ನೋ ಯಾರಿಗಾದರೂ ಅಕ್ರಮ ಲಾಭವನ್ನೋ ಉಂಟುಮಾಡುವ ಉದ್ದೇಶದಿಂದ ಮಾಡಿದರೆ ಅದು ‘ಡಿಸಾನೆಸ್ಟ್ಲಿ’ ಮಾಡಿದಂತೆ. ಕೈ ಹೇಗೆ ಆಡಿತು ಎಂಬುದು ಅಲ್ಲಿ ಬರುವುದೇ ಇಲ್ಲ, ಮನಸ್ಸಿನಲ್ಲಿ ಏನಿತ್ತು ಎಂಬುದಷ್ಟೇ ಬರುತ್ತದೆ. ರೂಪದಲ್ಲಿ ರೀತಿವಾಚಕವಾದದ್ದು ಅರ್ಥದಲ್ಲಿ ಕರ್ತೃವಿನ ಮನೋಗತ. ಅಡ್ಡಾದಿಡ್ಡಿ ವಾಹನ ಚಲಾವಣೆಯ ಸೆಕ್ಷನ್ನಿನಲ್ಲಾದರೆ, ಹಳೆಯದರಲ್ಲಿ 279, ಹೊಸದರಲ್ಲಿ 281, ಕಾನೂನು ‘-ಲಿ’ ಪದವನ್ನು ಬಿಟ್ಟು ‘ಇನ್ ಎ ಮ್ಯಾನರ್’ ಎಂದೇ ಬಿಡಿಸಿ ಬರೆದಿದೆ. ಅಲ್ಲಿ ನ್ಯಾಯಾಲಯ ತೂಗುವುದು ಓಡಿಸಿದ ಬಗೆಯನ್ನೇ.

ಅಮೆರಿಕದ ಸುಪ್ರೀಂ ಕೋರ್ಟು 2009ರಲ್ಲಿ ಒಂದೇ ಒಂದು ‘ನೋಯಿಂಗ್ಲಿ’ಯ ವ್ಯಾಪ್ತಿಯನ್ನು ಅಳೆಯಬೇಕಾಯಿತು. ಬೇರೊಬ್ಬ ವ್ಯಕ್ತಿಯ ಗುರುತಿನ ದಾಖಲೆಯನ್ನು ತಿಳಿದೂ ತಿಳಿದು ಬಳಸಿದವರಿಗೆ ಹೆಚ್ಚುವರಿಯಾಗಿ 2 ವರ್ಷ ಸೆರೆವಾಸ ಎನ್ನುವ ಕಾನೂನದು. ಆರೋಪಿ ಬಳಸಿದ್ದ ಸಂಖ್ಯೆಗಳು ನಿಜವಾಗಿಯೂ ಬೇರೊಬ್ಬರವು. ಅವು ಕಟ್ಟಿದ ಸಂಖ್ಯೆಗಳಲ್ಲ, ನಿಜವಾದ ವ್ಯಕ್ತಿಯೊಬ್ಬರಿಗೆ ಸೇರಿದವು ಎಂಬುದು ಅವನಿಗೆ ಗೊತ್ತಿತ್ತೆಂದು ಸರ್ಕಾರ ಸಾಬೀತು ಮಾಡಬೇಕೇ? ‘ತಿಳಿದು’ ಎಂಬುದು ‘ಬಳಸಿದ’ ಎಂಬ ಕ್ರಿಯೆಗೆ ಮಾತ್ರವೋ, ‘ಬೇರೊಬ್ಬ ವ್ಯಕ್ತಿಯ’ ಎಂಬಲ್ಲಿಯವರೆಗೂ ಚಾಚುತ್ತದೆಯೋ? ಸಾಮಾನ್ಯ ಇಂಗ್ಲಿಷ್ ಮಾತಿನ ಉದಾಹರಣೆಗಳನ್ನೇ ಮುಂದಿಟ್ಟುಕೊಂಡು ನ್ಯಾಯಾಲಯ ಒಮ್ಮತದಿಂದ ಹೇಳಿತು: ಕೊನೆಯವರೆಗೂ ಚಾಚುತ್ತದೆ, ಸಾಬೀತು ಮಾಡಲೇಬೇಕು.

‘ಹೋಪ್‌ಫುಲಿ’ಯದು ಇದೇ ಜಗಳದ ಹಗುರ ರೂಪ. ಭರವಸೆ ತುಂಬಿದವರಾಗಿ ಎಂಬ ರೀತಿಯ ಅರ್ಥದಲ್ಲಿ ಇದ್ದ ಪದ, ‘ಹಾಗಾಗಲಿ ಎಂದು ಆಶಿಸೋಣ’ ಎಂಬ ಅರ್ಥದಲ್ಲಿ ವಾಕ್ಯದ ತಲೆಯ ಮೇಲೆ ಕೂರತೊಡಗಿದಾಗ 1960ರ ದಶಕದ ಅಮೆರಿಕನ್ ಪಂಡಿತರು ಸಿಡಿದೆದ್ದರು. ‘ಫ್ರಾಂಕ್ಲಿ’, ‘ಕ್ಲಿಯರ್ಲಿ’ಗಳು ಅದೇ ಜಾಗದಲ್ಲಿ ಬಹಳ ಹಿಂದೆಯೇ ಕೂತಿದ್ದವು, ಆಗ ಯಾರೂ ಸೊಲ್ಲೆತ್ತಿರಲಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ 2012ರಲ್ಲಿ ‘ಹೋಪ್‌ಫುಲಿ’ಯನ್ನು ಒಪ್ಪಿಕೊಂಡಿತು. ‘ಟು’ ಮತ್ತು ಕ್ರಿಯಾಪದದ ನಡುವೆ ಕ್ರಿಯಾವಿಶೇಷಣ ತೂರಿಸಬಾರದು ಎಂಬ ಕಟ್ಟಳೆಯೂ ಇಂಥದ್ದೇ. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿ ತನ್ನ ಪ್ರಸ್ತಾವನೆಯಲ್ಲೇ ‘ಟು’ ಮತ್ತು ‘ಗೋ’ ನಡುವೆ ‘ಬೋಲ್ಡ್ಲಿ’ಯನ್ನು ನಿಲ್ಲಿಸಿ ಈ ಕಟ್ಟಳೆಗೆ ಎಲ್ಲರಿಗೂ ಗೊತ್ತಿರುವ ಉಲ್ಲಂಘನೆಯೊಂದನ್ನು ಒದಗಿಸಿತು. ಎಚ್. ಡಬ್ಲ್ಯು. ಫೌಲರ್ 1926ರ ತಮ್ಮ ಬಳಕೆಯ ನಿಘಂಟಿನಲ್ಲಿ ಇಂಗ್ಲಿಷ್ ಮಾತಾಡುವ ಜನರನ್ನು ಈ ಒಂದು ವಿಷಯದ ಮೇಲೆ ಐದು ವರ್ಗ ಮಾಡಿ, ಗೊತ್ತೂ ಇಲ್ಲದ ಚಿಂತೆಯೂ ಇಲ್ಲದ ವರ್ಗವೇ ಸುಖಿ ಎಂಬಂತೆ ಬರೆದಿದ್ದಾರೆ.

ಸ್ಥಿತಿಯೋ ರೀತಿಯೋ

‘ದ ಫ್ಲವರ್ ಸ್ಮೆಲ್ಸ್ ಸ್ವೀಟ್’ ಎನ್ನಬೇಕು, ‘ಸ್ವೀಟ್ಲಿ’ ಅಲ್ಲ. ಹೂವು ಮೂಸುವ ಕೆಲಸವನ್ನೇನೂ ಮಾಡುತ್ತಿಲ್ಲ, ಅದರ ಗುಣವನ್ನು ಹೇಳುತ್ತಿದ್ದೇವೆ. ‘ಬಿ’, ‘ಸೀಮ್’, ‘ಲುಕ್’, ‘ಸೌಂಡ್’, ‘ಟೇಸ್ಟ್’, ‘ಫೀಲ್’, ‘ಸ್ಮೆಲ್’ ಕ್ರಿಯಾಪದಗಳು ಕರ್ತೃವಿಗೂ ಗುಣಕ್ಕೂ ನಡುವೆ ಕೊಂಡಿ ಹಾಕುವಾಗ ಮುಂದೆ ಬರುವುದು ಗುಣವಾಚಕ. ‘ಶಿ ಲುಕ್ಡ್ ಆ್ಯಂಗ್ರಿ’ ಎಂದರೆ ಮುಖ ಕೋಪದ್ದಾಗಿತ್ತು. ‘ಶಿ ಲುಕ್ಡ್ ಆ್ಯಂಗ್ರಿಲಿ ಅಟ್ ಹಿಮ್’ ಎಂದರೆ ಸಿಟ್ಟಿನಿಂದ ಅವನತ್ತ ನೋಡಿದಳು.

ಕನ್ನಡಿಗರು ಇಲ್ಲಿ ಎಡವುವುದಕ್ಕೆ ನಿಜವಾದ ಕಾರಣವಿದೆ. ನಮ್ಮ ‘-ಆಗಿ’ ಎರಡೂ ಕೆಲಸ ಮಾಡುತ್ತದೆ. ‘ಚೆನ್ನಾಗಿ ಹಾಡಿದಳು’ ಎನ್ನುವಲ್ಲಿ ಅದು ರೀತಿ. ‘ಹಾಡು ಚೆನ್ನಾಗಿದೆ’, ‘ಮನೆ ದೊಡ್ಡದಾಗಿದೆ’ ಎನ್ನುವಲ್ಲಿ ಸ್ಥಿತಿ. ‘ಚೆನ್ನಾಗಿ’ ಎಂದರೆ ‘ನೈಸ್ಲಿ’ ಎಂದು ಉರುಹೊಡೆದ ಹುಡುಗ ‘ದ ಫುಡ್ ಈಸ್ ನೈಸ್ಲಿ’ ಎಂದರೆ ಅವನು ತನ್ನ ಭಾಷೆಗೆ ನಿಷ್ಠನಾಗಿದ್ದಾನೆ ಅಷ್ಟೆ. ನಿಯಮ ಕಲಿಸುವ ಮುನ್ನ ಈ ಎರಡು ‘-ಆಗಿ’ಗಳನ್ನು ಬಿಡಿಸಿ ತೋರಿಸಿದರೆ ಅರ್ಧ ಕೆಲಸ ಆದಂತೆ. ‘ಇರು’ ಧಾತುವಿನ ಜೊತೆ ಬಂದ ‘-ಆಗಿ’ಗೆ ಇಂಗ್ಲಿಷಿನಲ್ಲಿ ‘-ಲಿ’ ಬರುವುದಿಲ್ಲ ಎಂಬುದು ಒಳ್ಳೆಯ ಊರುಗೋಲು. ‘ಐ ಆ್ಯಮ್ ವೆಲ್’ ಇದಕ್ಕೆ ಅಡ್ಡ ಬರುವುದಿಲ್ಲ, ಅಲ್ಲಿನ ‘ವೆಲ್’ ಆರೋಗ್ಯ ಹೇಳುವ ಗುಣವಾಚಕ.

ಕ್ರಿಯಾಪದದೊಳಗೇ ರೀತಿ

ಇಂಗ್ಲಿಷ್ ರೀತಿಯನ್ನು ಹೇಳಲು ಕ್ರಿಯಾವಿಶೇಷಣವನ್ನೇ ನೆಚ್ಚಿಕೊಂಡಿಲ್ಲ. ನಡೆ ಎಂಬ ಒಂದು ಕ್ರಿಯೆಗೆ ‘ಸ್ಟ್ರೋಲ್’ ಎಂದರೆ ಆರಾಮಾಗಿ ಅಡ್ಡಾಡುವುದು, ‘ಸ್ಟ್ರೈಡ್’ ಎಂದರೆ ದಾಪುಗಾಲು ಹಾಕುವುದು, ‘ಟ್ರಡ್ಜ್’ ಎಂದರೆ ಕಾಲೆಳೆಯುತ್ತ ಸಾಗುವುದು, ‘ಲಿಂಪ್’ ಎಂದರೆ ಕುಂಟುವುದು, ‘ಟಿಪ್‌ಟೋ’ ಎಂದರೆ ತುದಿಗಾಲಿನಲ್ಲಿ ನಡೆಯುವುದು. ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1985ರ ಪ್ರಬಂಧದಲ್ಲಿ ವಿವರವಾಗಿ ತೋರಿಸಿದಂತೆ, ಇಂಗ್ಲಿಷ್ ಚಲನೆಯ ರೀತಿಯನ್ನು ಕ್ರಿಯಾಪದದಲ್ಲೇ ತುಂಬಿ ದಿಕ್ಕನ್ನು ‘ಇನ್’, ‘ಔಟ್’, ‘ಅಪ್’ಗಳಿಗೆ ಬಿಡುತ್ತದೆ; ಸ್ಪ್ಯಾನಿಷ್ ದಿಕ್ಕನ್ನು ಕ್ರಿಯಾಪದದಲ್ಲಿಟ್ಟು ರೀತಿಯನ್ನು ಬೇಕಾದರೆ ಹೊರಗೆ ಹೇಳುತ್ತದೆ. ಆದ್ದರಿಂದ ‘ವಾಕ್ಡ್ ಸ್ಲೋಲಿ’ ವ್ಯಾಕರಣಕ್ಕೆ ಸರಿ, ಆದರೆ ಪುಟದುದ್ದಕ್ಕೂ ಅದೇ ಬಂದರೆ ಬರಹ ಪರಕೀಯರದ್ದು ಎಂದು ಓದುಗರಿಗೆ ಗೊತ್ತಾಗಿಬಿಡುತ್ತದೆ.

ಕನ್ನಡ ಈ ಕೆಲಸಕ್ಕೆ ಬೇರೆ ಸಾಧನಗಳನ್ನು ಇಟ್ಟುಕೊಂಡಿದೆ. ನಮ್ಮ ವ್ಯಾಕರಣಗಳು ‘ನೆಟ್ಟಗೆ’, ‘ಸುಮ್ಮನೆ’, ‘ಬೇಗನೆ’ ಮುಂತಾದವನ್ನು ಸಾಮಾನ್ಯಾವ್ಯಯಗಳಲ್ಲಿ ಇಟ್ಟು, ‘ಗಟಗಟ’, ‘ಧಡಧಡ’, ‘ಚಟಪಟ’ಗಳನ್ನು ಅನುಕರಣಾವ್ಯಯವೆಂದು ಬೇರೆ ಮಾಡುತ್ತವೆ. ‘ಗಟಗಟನೆ ಕುಡಿದ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಹಿ ಗಲ್ಪ್ಡ್ ಇಟ್ ಡೌನ್’ ಎಂಬ ಕ್ರಿಯಾಪದ ಬೇಕು. ‘-ಲಿ’ ಹಚ್ಚಿದ ಯಾವ ಪದ ತಂದರೂ ಆ ಸದ್ದು ಬರುವುದಿಲ್ಲ. ‘ಗೊಣಗೊಣ ಅಂದ’ ಎಂದರೆ ‘ಮಂಬಲ್ಡ್’. ಅನುವಾದಕರಿಗೆ ಇದು ದಿನನಿತ್ಯದ ಪಾಡು. ಅನುಕರಣಾವ್ಯಯ ಕಂಡಲ್ಲೆಲ್ಲ ಇಂಗ್ಲಿಷ್ ಕ್ರಿಯಾವಿಶೇಷಣ ಹುಡುಕುತ್ತ ಕೂರುವ ಬದಲು ಕ್ರಿಯಾಪದವನ್ನೇ ಬದಲಿಸುವುದು ಜಾಣತನ.

ಬರಹಗಾರರ ವೈರ

ಕಥನ ಬರಹದಲ್ಲಿ ರೀತಿವಾಚಕಗಳಿಗೆ ಕೆಟ್ಟ ಹೆಸರಿದೆ. ಸ್ಟೀಫನ್ ಕಿಂಗ್ 2000ದಲ್ಲಿ ಪ್ರಕಟಿಸಿದ ಬರವಣಿಗೆಯ ಪುಸ್ತಕದಲ್ಲಿ ಇವುಗಳ ಮೇಲೆ ಯುದ್ಧವನ್ನೇ ಸಾರಿದ್ದಾರೆ. ಎಲ್ಮೋರ್ ಲೆನಾರ್ಡ್ 2001ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲಿ ‘ಸೆಡ್’ ಪದಕ್ಕೆ ಕ್ರಿಯಾವಿಶೇಷಣ ಹಚ್ಚಲೇಬೇಡಿ ಎಂಬುದೂ ಒಂದು. ಮಾತಿನಲ್ಲೇ ಸಿಟ್ಟು ಇದ್ದರೆ ‘ಆ್ಯಂಗ್ರಿಲಿ’ ದಂಡ, ಇಲ್ಲದಿದ್ದರೆ ಅದು ಸಿಟ್ಟನ್ನು ತರಲಾರದು ಎಂಬುದು ಇವರ ವಾದದ ಸಾರ. ಈ ಚಟವನ್ನು ಅಣಕಿಸುವ ಹಾಸ್ಯಪ್ರಕಾರವೂ ಇದೆ. 1910ರಿಂದ ಬಂದ ‘ಟಾಮ್ ಸ್ವಿಫ್ಟ್’ ಎಂಬ ಮಕ್ಕಳ ಸಾಹಸಕಥೆಗಳ ನಾಯಕ ಯಾವ ಮಾತನ್ನೂ ಬರಿದೇ ‘ಹೇಳುವುದಿಲ್ಲ’, ಏನಾದರೂ ಒಂದು ರೀತಿಯಲ್ಲಿ ಹೇಳುತ್ತಾನೆ. ಅದರಿಂದ ‘ಟಾಮ್ ಸ್ವಿಫ್ಟಿ’ ಎಂಬ ಶ್ಲೇಷೆಯ ಆಟ ಹುಟ್ಟಿತು: ದೀಪ ಆರಿಹೋಯಿತು ಎಂದು ಟಾಮ್ ‘ಡಾರ್ಕ್ಲಿ’ ಹೇಳಿದ, ಎನ್ನುವ ಧಾಟಿಯದು.

ಸೂತ್ರವನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಕ್ರಿಯೆಯ ಜೊತೆ ಸಹಜವಾಗಿ ಬರುವ ರೀತಿಯನ್ನೇ ಮತ್ತೆ ಹೇಳಿದರೆ, ‘ಶೌಟೆಡ್ ಲೌಡ್ಲಿ’ ಎಂಬಂತೆ, ಅದು ವ್ಯರ್ಥ. ನಿರೀಕ್ಷೆಗೆ ವಿರುದ್ಧವಾದದ್ದನ್ನು ಹೇಳಿದರೆ, ‘ಸ್ಮೈಲ್ಡ್ ಕೋಲ್ಡ್ಲಿ’ ಎಂಬಂತೆ, ಅದೇ ಪದ ವಾಕ್ಯದ ಜೀವ.

ತರ್ಕಶಾಸ್ತ್ರದಲ್ಲಿ

ತತ್ತ್ವಶಾಸ್ತ್ರಜ್ಞ ಡೊನಾಲ್ಡ್ ಡೇವಿಡ್‌ಸನ್ 1967ರ ಒಂದು ಪ್ರಬಂಧದಲ್ಲಿ ಸರಳವಾಗಿ ಕಾಣುವ ಪ್ರಶ್ನೆ ಎತ್ತಿದರು. ಒಬ್ಬ ಮಧ್ಯರಾತ್ರಿ ಬಚ್ಚಲುಮನೆಯಲ್ಲಿ ಚಾಕುವಿನಿಂದ ರೊಟ್ಟಿಗೆ ಬೆಣ್ಣೆ ಸವರಿದ ಎಂದರೆ, ಅವನು ರೊಟ್ಟಿಗೆ ಬೆಣ್ಣೆ ಸವರಿದ ಎಂಬುದೂ ತಾನಾಗಿ ಸಿದ್ಧಿಸುತ್ತದೆ. ಅಂದಿನ ತರ್ಕಶಾಸ್ತ್ರಕ್ಕೆ ಇಷ್ಟನ್ನು ತೋರಿಸುವುದೇ ಕಷ್ಟವಾಗಿತ್ತು. ವಾಕ್ಯವು ಒಂದು ಘಟನೆಯನ್ನು ಸೂಚಿಸುತ್ತದೆ, ವಿಶೇಷಣಗಳೆಲ್ಲ ಆ ಘಟನೆಯ ಬಗ್ಗೆ ಒಂದೊಂದು ಬಿಡಿ ಹೇಳಿಕೆ ಎಂದು ಅವರು ಗಂಟು ಬಿಡಿಸಿದರು. ವಿಚಿತ್ರವೆಂದರೆ ‘ಸ್ಲೋಲಿ’ಯನ್ನು ಅವರೇ ಹೊರಗಿಡಬೇಕಾಯಿತು. ಈಜಿ ಕಡಲ್ಗಾಲುವೆ ದಾಟಿದವಳ ಕೆಲಸ ಈಜು ಎಂದು ನೋಡಿದರೆ ವೇಗದ್ದು, ದಾಟುವಿಕೆ ಎಂದು ನೋಡಿದರೆ ನಿಧಾನದ್ದು, ಘಟನೆ ಒಂದೇ. ಟೆರೆನ್ಸ್ ಪಾರ್ಸನ್ಸ್ 1990ರ ಗ್ರಂಥದಲ್ಲಿ ಈ ದಾರಿಯನ್ನು ಇಂಗ್ಲಿಷ್ ಅರ್ಥವಿಚಾರಕ್ಕೆ ವಿಸ್ತರಿಸಿದರು.

ವರ್ಣನಾತ್ಮಕ ವ್ಯಾಕರಣಗಳ ಪೈಕಿ ರ್‍ಯಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ ಕ್ರಿಯಾವಿಶೇಷಣಗಳ ಕಾರ್ಯವನ್ನು ನಾಲ್ಕು ಬಗೆ ಮಾಡಿ, ರೀತಿವಾಚಕಗಳನ್ನು ‘ಅಡ್ಜಂಕ್ಟ್’ ಗುಂಪಿನಲ್ಲಿ ಇರಿಸುತ್ತದೆ. ಹಡಲ್‌ಸ್ಟನ್ ಮತ್ತು ಪುಲಮ್ ಅವರ 2002ರ ಕೇಂಬ್ರಿಜ್ ವ್ಯಾಕರಣ ಆ ಕೃತಿಯ ಹಲವು ವಿಂಗಡಣೆಗಳನ್ನು ಮರುಪರಿಶೀಲಿಸಿದೆ.

ಭಾರತದ ತರಗತಿಗಳಲ್ಲಿ

ನಮ್ಮ ಶಾಲೆಗಳಿಗೆ ಈ ವಿಷಯ ಬಹುಕಾಲ ಬಂದದ್ದು ‘ರೆನ್ ಅಂಡ್ ಮಾರ್ಟಿನ್’ ಮೂಲಕ. 1930ರ ದಶಕದ ಆ ವ್ಯಾಕರಣದ ಮೊದಲ ಕರ್ತೃ ಪಿ. ಸಿ. ರೆನ್ ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವರು, ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯಿಂದ ಹೆಸರಾದವರು. ಕಾಲ, ಸ್ಥಳ, ರೀತಿ, ಪ್ರಮಾಣ ಎಂದು ಪದಗಳನ್ನು ಗುಂಪು ಮಾಡಿ ಪಟ್ಟಿ ಕೊಡುವುದು ಆ ಪುಸ್ತಕದ ಕ್ರಮ. ಸ್ಥಾನದ ನಿಯಮಗಳೂ ಅದರಲ್ಲಿವೆ. ಪಾಠ ಹೇಳುವಾಗ ಮಾತ್ರ ಪಟ್ಟಿ ಉರುಹೊಡೆಸಿ ಮುಂದಕ್ಕೆ ಹೋಗುವುದು ವಾಡಿಕೆಯಾಯಿತು. ಚದುರಿದ ಪದಗಳನ್ನು ಜೋಡಿಸಿ ವಾಕ್ಯ ಮಾಡುವ ಅಭ್ಯಾಸ ಇದಕ್ಕಿಂತ ಹೆಚ್ಚು ಫಲ ಕೊಡುತ್ತದೆ, ಅದರಲ್ಲೂ ಉದ್ದೇಶಪೂರ್ವಕವಾಗಿ ಕರ್ಮಪದವಿರುವ ವಾಕ್ಯಗಳನ್ನು ಆರಿಸಿಕೊಂಡರೆ. ‘ಶಿ ಸ್ಯಾಂಗ್ ಸ್ವೀಟ್ಲಿ’ ತರಹದ ಕರ್ಮವಿಲ್ಲದ ಉದಾಹರಣೆಗಳು ಎಷ್ಟಿದ್ದರೂ ತಪ್ಪು ಹೊರಬೀಳುವ ಜಾಗವೇ ಅವುಗಳಲ್ಲಿಲ್ಲ.

ದ್ವಿರುಕ್ತಿಯ ಮಾತು ಬೇರೆ. ‘ಮೆಲ್ಲಮೆಲ್ಲಗೆ ಬಾ’, ‘ಬೇಗ ಬೇಗ ತಿನ್ನು’ ಎನ್ನುವ ನಾಲಿಗೆ ‘ಕಮ್ ಸ್ಲೋಲಿ ಸ್ಲೋಲಿ’, ‘ಈಟ್ ಫಾಸ್ಟ್ ಫಾಸ್ಟ್’ ಎಂದು ಇಂಗ್ಲಿಷಿನಲ್ಲೂ ಹೇಳುತ್ತದೆ. ಕನ್ನಡ ಮಾತ್ರವಲ್ಲ, ತಮಿಳು, ಹಿಂದಿ, ಬಂಗಾಳಿ ಮನೆಗಳಿಂದ ಬಂದವರೂ ಹೀಗೆ ಹೇಳುತ್ತಾರೆ. ಭಾರತೀಯ ಇಂಗ್ಲಿಷಿನ ಲಕ್ಷಣಗಳನ್ನು ಬರೆದವರು ಇದನ್ನು ಗುರುತಿಸಿದ್ದಾರೆ, ಪರೀಕ್ಷಕರು ಅಂಕ ಕಡಿತ ಮಾಡುತ್ತಾರೆ. ಇಂಗ್ಲೆಂಡಿನ ಇಂಗ್ಲಿಷ್ ಅದೇ ಅರ್ಥಕ್ಕೆ ‘ವೆರಿ ಸ್ಲೋಲಿ’ ಎಂದೋ ‘ಸ್ಲೋಲಿ ಬಟ್ ಶುವರ್ಲಿ’ ಎಂದೋ ಸುತ್ತಿ ಬರುತ್ತದೆ. ಮೆಲ್ಲಮೆಲ್ಲಗೆ ಎನ್ನುವಾಗ ಹೆಜ್ಜೆಯ ಮೇಲೆ ಹೆಜ್ಜೆ ಎಂಬ ಭಾವವಿರುವುದರಿಂದ ‘ಲಿಟಲ್ ಬೈ ಲಿಟಲ್’, ‘ಸ್ಟೆಪ್ ಬೈ ಸ್ಟೆಪ್’ ಇನ್ನೂ ಹತ್ತಿರದವು. ಈ ಎರಡರಲ್ಲೂ ಇಂಗ್ಲಿಷ್ ತಾನೂ ಪದವನ್ನು ಎರಡು ಸಲವೇ ಹೇಳುತ್ತದೆ.